ಗರಸು ನೆಲಕ್ಕೆ ಊರಿನದೇ ಗಿಡಗಳು: ಬೇಸಿಗೆಯ ಓಡಾಟ

ಚಿತ್ರದುರ್ಗದ ಅಂಚಿನಲ್ಲಿ ನಮ್ಮ ಮನೆಯ ಹಿಂದಿರುವ ಜಾಗ ಪೂರ್ತಿ ಗರಸು. ಮೊಣಕಾಲುದ್ದ ಅಗೆದರೆ ಕಲ್ಲು ಸಿಗುತ್ತದೆ. ಇಂಥ ಕಡೆ ಹುಲ್ಲುಹಾಸು ಬೆಳೆಸಿ ದಿನವೂ ನೀರು ಸುರಿಯುವುದು ನನಗೆ ಇಷ್ಟವಿಲ್ಲ. ಈ ಸೀಮೆಯಲ್ಲಿ ತಾವಾಗಿ ಹುಟ್ಟಿ ಬದುಕುವ ಗಿಡಗಳನ್ನೇ ಹಾಕಬೇಕು. ಅವು ಎಲ್ಲಿ ಸಿಗುತ್ತವೆ ಎಂದು ಹುಡುಕುತ್ತ ಈಗ ಸುತ್ತಾಡುತ್ತಿದ್ದೇನೆ.

ಹೆದ್ದಾರಿ ಬದಿಯ ನರ್ಸರಿಗಳಲ್ಲಿ ಕಂಡದ್ದು ಅಡಿಕೆ, ತೆಂಗು, ಕಸಿ ಮಾವು, ಬೋಗನ್‌ವಿಲ್ಲಾ. ತಂಗಡಿ ಸಸಿ ಕೇಳಿದೆ. "ಅದನ್ಯಾರು ದುಡ್ಡು ಕೊಟ್ಟು ತಗಂತಾರೆ, ರಸ್ತೆ ಬದಿಗೇ ಐತಲ್ಲ" ಅಂದರು. ಅಲ್ಲಿಗೆ ಗೊತ್ತಾಯಿತು, ನನಗೆ ಬೇಕಾದ್ದರಲ್ಲಿ ಹೆಚ್ಚಿನದನ್ನು ಬೀಜದಿಂದಲೇ ಎಬ್ಬಿಸಬೇಕು. ದಾವಣಗೆರೆಯಲ್ಲಿ ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆಯನ್ನೂ ನೋಡಿ ಬಂದೆ. ಸೊಗಸಾದ ಜಾಗ, ಆದರೆ ನಮ್ಮ ನೆಲಕ್ಕೆ ಅಲ್ಲಿಂದ ತರುವಂಥದ್ದು ಕಡಿಮೆ. ಅರಣ್ಯ ಇಲಾಖೆಯ ನರ್ಸರಿ ಹೆಚ್ಚು ಉಪಯೋಗಕ್ಕೆ ಬಂತು. ಬೇವು, ಹೊಂಗೆ, ನೇರಳೆ, ಹುಣಸೆ ಮಳೆಗಾಲಕ್ಕೆ ಅಲ್ಲೇ ಸಿಗುತ್ತವೆ. ನನ್ನ ಜಾಗಕ್ಕೆ ದೊಡ್ಡ ಮರ ಎರಡೇ ಸಾಕು: ಒಂದು ಹೊಂಗೆ, ಒಂದು ಕಮರ.

ನಿಜವಾಗಿ ಕಲಿತದ್ದು ಆಡುಮಲ್ಲೇಶ್ವರದಿಂದ ಜೋಗಿಮಟ್ಟಿ ಕಡೆಗೆ ಹೋಗುವ ದಾರಿಯಲ್ಲಿ. ಅದು ವನ್ಯಜೀವಿಧಾಮ, ಒಂದು ಬೀಜವನ್ನೂ ಕೀಳುವಂತಿಲ್ಲ, ಕೀಳಲೂಬಾರದು. ನಾನು ಹೋದದ್ದು ಯಾವ ಗಿಡ ಯಾವುದರ ಪಕ್ಕ ನಿಂತಿದೆ ಎಂದು ನೋಡುವುದಕ್ಕೆ. ಬಂಡೆ ಸಂದಿನಲ್ಲಿ, ಮಣ್ಣೇ ಇಲ್ಲದಂತಿರುವ ಕಡೆ ಬಂದರಿಕೆ. ಸ್ವಲ್ಪ ಮಣ್ಣು ಕೂಡಿದಲ್ಲಿ ತಂಗಡಿ. ಕಾರೆ ಮತ್ತು ಕವಳೆ ಒಂದಕ್ಕೊಂದು ಹೆಣೆದುಕೊಂಡ ಪೊದೆಯೊಳಗೆ ಪಿಕಳಾರಗಳ ಸದ್ದು. ಮುಳ್ಳಿನ ಒಳಗೆ ಹಕ್ಕಿಗೆ ಎಷ್ಟು ಧೈರ್ಯ! ಆ ಪೊದೆ ನೋಡಿದ ಮೇಲೆ ಕಾಂಪೌಂಡಿನ ಉತ್ತರದ ಸಾಲು ಪೂರ್ತಿ ಕವಳೆಗೇ ಮೀಸಲಿಟ್ಟೆ. ಮನೆಯವರು ಮುಳ್ಳು ಎಂದು ಹಿಂಜರಿದರು, ಹಣ್ಣಿನ ಆಸೆಗೆ ಒಪ್ಪಿದರು.

ದುರ್ಗದವರಿಗೆ ಸೀತಾಫಲ ನಮ್ಮದೇ ಗುಡ್ಡದ ಹಣ್ಣು, ಆದರೆ ಗಿಡದ ಮೂಲ ಅಮೆರಿಕ ಖಂಡ. ಪಟ್ಟಿಗೆ ಸೇರದಿದ್ದರೂ ಬಾವಿ ಮೂಲೆಯಲ್ಲಿ ಒಂದು ಇರಲಿ ಎಂದು ಬಿಟ್ಟಿದ್ದೇನೆ. ಲಾಂಟಾನ ಮತ್ತು ಬಳ್ಳಾರಿ ಜಾಲಿಗೆ ಆ ಸಲುಗೆ ಇಲ್ಲ. ಬೇರು ಸಮೇತ ಕೀಳುತ್ತಿದ್ದೇನೆ. ಎಕ್ಕವನ್ನು ಮಾತ್ರ ಮುಟ್ಟಿಲ್ಲ. ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ಅದರ ಎಲೆ ತಿಂದೇ ಬೆಳೆಯುತ್ತದೆ.

ಬೀಜಗಳನ್ನು ನಮ್ಮ ಹೊಲದ ಬದು ಮತ್ತು ರಸ್ತೆ ಬದಿಯಿಂದ ಕೂಡಿಸುತ್ತಿದ್ದೇನೆ. ತಂಗಡಿ, ಕಕ್ಕೆ ಬೀಜದ ಸಿಪ್ಪೆ ಬಲು ಗಟ್ಟಿ. ಮರಳುಕಾಗದದ ಮೇಲೆ ತಿಕ್ಕಿ ರಾತ್ರಿ ನೆನೆಹಾಕಿದರೆ ನೀರು ಒಳಗಿಳಿಯುತ್ತದೆ, ಇಲ್ಲದಿದ್ದರೆ ಮಣ್ಣಲ್ಲೇ ಸುಮ್ಮನೆ ಬಿದ್ದಿರುತ್ತದೆ. ಬಂದರಿಕೆಗೆ ಬಿಸಿನೀರು ಸುರಿದು ಆರಲು ಬಿಡುತ್ತೇನೆ. ಬೇವಿನ ಬೀಜ ತಡೆಯುವುದಿಲ್ಲ, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹೊಲದ ಬದುವಿಗೆ ಬೇವು ಹಾಕುವ ಗೆಳೆಯನಿಗೂ ಹೇಳಿದ್ದೇನೆ, ಹಣ್ಣು ಉದುರಿದಾಗಲೇ ಬಿತ್ತು ಎಂದು. ಕಮರದ ತಾಯಿಬೇರು ಬೇಗನೆ ಆಳಕ್ಕೆ ಇಳಿಯುವುದರಿಂದ ಚೀಲದಲ್ಲಿ ಬೆಳೆಸಿ ಕಿತ್ತು ನೆಡುವುದು ಅದಕ್ಕೆ ಹಿಂಸೆ. ಇರಬೇಕಾದ ಜಾಗದಲ್ಲೇ ಎರಡು ಮೂರು ಬೀಜ ಊರಿ, ಗಟ್ಟಿಯಾದುದನ್ನು ಉಳಿಸಿಕೊಳ್ಳುತ್ತೇನೆ.

ನೆಡುವ ಹೊತ್ತಿನ ಬಗ್ಗೆಯೂ ಲೆಕ್ಕ ಬದಲಾಯಿತು. ಮುಂಗಾರು ಬಂತೆಂದು ಜೂನಿನಲ್ಲಿ ನೆಡುವುದು ವಾಡಿಕೆ, ಆದರೆ ನಮ್ಮ ಕಡೆ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಡುವೆ ಮಳೆ ಕೈಕೊಟ್ಟರೆ ಎಳೆ ಸಸಿ ಬಾಡುತ್ತದೆ. ಹಾಗಾಗಿ ಪೊದೆಗಿಡಗಳನ್ನು ಚೀಲದಲ್ಲೇ ಬೆಳೆಸಿ ಹಸ್ತ, ಚಿತ್ತಾ ಮಳೆಗೆ ನೆಲಕ್ಕೆ ಇಳಿಸುತ್ತೇನೆ. ಕಮರ ಮತ್ತು ಹೊಂಗೆ ಮಾತ್ರ ಮುಂಗಾರಿಗೇ.

ಈ ವಾರದ ಕೆಲಸ ಗುಂಡಿ ತೆಗೆಯುವುದು. ಕವಳೆ ಸಾಲಿಗೆ ಒಂದೂವರೆ ಮೀಟರ್ ಅಂತರ ಬಿಡುವುದೋ, ಇನ್ನೂ ಒತ್ತಾಗಿ ಹಾಕುವುದೋ ತೀರ್ಮಾನವಾಗಿಲ್ಲ. ಬೇಲಿಗೆ ಕವಳೆ ಬೆಳೆಸಿದವರು ತಿಳಿಸಿದರೆ ಹಾಗೇ ಮಾಡುತ್ತೇನೆ.