ಸಂಚಿನ ಕಥೆಯ ಗಲ್ಲಾಪೆಟ್ಟಿಗೆ

ಪಿತೂರಿ ಸಿದ್ಧಾಂತಗಳನ್ನು ನಂಬುವವರನ್ನು ದಡ್ಡರೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ದೊಡ್ಡ ಘಟನೆಗೆ ಅಷ್ಟೇ ದೊಡ್ಡ ಕಾರಣವಿರಬೇಕೆಂದು ಎಲ್ಲರ ಮನಸ್ಸೂ ಬಯಸುತ್ತದೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರನ್ನು ಯಾರೂ ಹೆಸರು ಕೇಳಿರದ ಒಬ್ಬ ವ್ಯಕ್ತಿ, ಅಂಚೆಯಲ್ಲಿ ತರಿಸಿಕೊಂಡ ಬಂದೂಕಿನಿಂದ ಕೊಂದನೆಂಬುದು ಅನೇಕರಿಗೆ ಇಂದಿಗೂ ಗಂಟಲಲ್ಲಿ ಇಳಿಯದಿರುವುದಕ್ಕೆ ಇದೂ ಒಂದು ಕಾರಣ. ಸಂಶಯಗಳೆಲ್ಲ ನಿರಾಧಾರವೆಂದು ಹೇಳುವಂತೆಯೂ ಇಲ್ಲ: ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಸರ್ಕಾರಿ ವೈದ್ಯರು 1932ರಿಂದ 1972ರವರೆಗೆ, ಪೆನಿಸಿಲಿನ್ ಬಳಕೆಗೆ ಬಂದ ಮೇಲೂ, ಸಿಫಿಲಿಸ್ ಎಂಬ ಲೈಂಗಿಕ ರೋಗ ತಗುಲಿದ್ದ ಕಪ್ಪುವರ್ಣೀಯರಿಗೆ ಚಿಕಿತ್ಸೆ ಕೊಡದೆ ರೋಗ ಬಲಿಯುವುದನ್ನು ದಾಖಲಿಸುತ್ತಿದ್ದರು.

‘ಇದರಿಂದ ಲಾಭ ಯಾರಿಗೆ?’ ಎಂದು ಈ ಕಥೆಗಳು ಮೇಲಿಂದ ಮೇಲೆ ಕೇಳುತ್ತವೆ. ಕಥೆ ಹೇಳುವವನನ್ನು ಮಾತ್ರ ಹಾಗೆ ಕೇಳುವವರು ಕಡಿಮೆ. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಒಟ್ಟಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆಯೆಂಬ ಭಯ ಹಬ್ಬಿದ್ದು 1998ರಲ್ಲಿ, ಕೇವಲ 12 ಮಕ್ಕಳನ್ನು ಕುರಿತ, ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಲೇಖನದಿಂದ. ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಸಿದ್ಧರಾಗಿದ್ದ ವಕೀಲರಿಂದ ಅವರು ಅದಾಗಲೇ ಹಣ ಪಡೆಯುತ್ತಿದ್ದರು. ಆ ಮೊತ್ತ ಕಡೆಗೆ 4 ಲಕ್ಷ ಪೌಂಡ್ ದಾಟಿತು. ಸಾಲದೆಂಬಂತೆ, ದಡಾರಕ್ಕೆ ಬೇರೆಯೇ ಲಸಿಕೆಯೊಂದರ ಪೇಟೆಂಟಿಗೆ ಅವರ ಹೆಸರಿನ ಅರ್ಜಿ 1997ರಲ್ಲೇ ಹೋಗಿತ್ತು. ಲೇಖನ ರದ್ದಾಗಿ, ಅವರ ಹೆಸರು ವೈದ್ಯರ ಪಟ್ಟಿಯಿಂದ ಹೊರಬಿದ್ದದ್ದು 2010ರಲ್ಲಿ. ಅಷ್ಟರಲ್ಲಿ ಆ ಭಯ ಬೇರೂರಿಯಾಗಿತ್ತು.

ಅಮೆರಿಕದ ರೇಡಿಯೊ ನಿರೂಪಕ ಅಲೆಕ್ಸ್ ಜೋನ್ಸ್‌ನ ವ್ಯಾಪಾರ ಇನ್ನೂ ನೇರವಾದದ್ದು. 2012ರಲ್ಲಿ ಅಲ್ಲಿನ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ 20 ಮಕ್ಕಳನ್ನೂ 6 ಮಂದಿ ಸಿಬ್ಬಂದಿಯನ್ನೂ ಕೊಂದ. ಅದೆಲ್ಲ ಸರ್ಕಾರದ ನಾಟಕವೆಂದು ಜೋನ್ಸ್ ತನ್ನ ‘ಇನ್ಫೋವಾರ್ಸ್’ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಹೇಳಿದ. ಮೊದಲು ಗಾಳಿ, ನೀರು, ಔಷಧಿ, ಸರ್ಕಾರ ಎಲ್ಲದರ ಮೇಲೂ ಭಯ ಹುಟ್ಟಿಸುವುದು. ಅದೇ ಉಸಿರಿನಲ್ಲಿ ವಿಟಮಿನ್ ಡಬ್ಬಿ, ನೀರು ಶೋಧಿಸುವ ಯಂತ್ರ, ವರ್ಷಾನುಗಟ್ಟಲೆ ಕೆಡದ ಆಹಾರದ ಪೊಟ್ಟಣ ಮಾರುವುದು. ಭಯ ತಣ್ಣಗಾದರೆ ಮಾರಾಟವೂ ತಣ್ಣಗಾಗುವುದರಿಂದ, ಇಂಥ ಕಥೆಗೆ ಮುಕ್ತಾಯವೆಂಬುದೇ ಇರಲಾರದು. ಇತ್ತ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗೆ ‘ನೀವು ನಟರು’ ಎಂಬ ಬೈಗುಳ, ಕೊಲೆಬೆದರಿಕೆ. ಕೆಲವರು ಮನೆಯನ್ನೇ ಬದಲಾಯಿಸಬೇಕಾಯಿತು. (ಜಾಹೀರಾತಿನ ಪಾಲಿಗಾಗಿ ಇಂಥ ವಿಡಿಯೊಗಳನ್ನು ಮನೆಮನೆಗೆ ಮುಟ್ಟಿಸಿದ ಜಾಲತಾಣಗಳನ್ನೂ ನಾನು ಈ ಲೆಕ್ಕಕ್ಕೆ ಸೇರಿಸುತ್ತೇನೆ.)

ಆ ಕುಟುಂಬಗಳು ಹೂಡಿದ ಮೊಕದ್ದಮೆಯಲ್ಲಿ ಕನೆಕ್ಟಿಕಟ್‌ನ ಜ್ಯೂರಿ 2022ರ ಅಕ್ಟೋಬರ್‌ನಲ್ಲಿ 96.5 ಕೋಟಿ ಡಾಲರ್ ಪರಿಹಾರ ವಿಧಿಸಿತು. ತೀರ್ಪು ಓದುತ್ತಿದ್ದ ಹೊತ್ತಿನಲ್ಲಿ ಜೋನ್ಸ್ ತನ್ನ ನೇರಪ್ರಸಾರದಲ್ಲಿ ಅದನ್ನು ಅಣಕಿಸುತ್ತ, ನೋಡುಗರಿಂದ ಹಣ ಕೇಳುತ್ತಿದ್ದ.