ಕೊಚ್ಕೋರ್ ಕಣಿವೆಯ ಮೇವಿನ ನಕ್ಷೆ: ಇಲ್ಲಿಯವರೆಗಿನ ಕೆಲಸ

ನಕ್ಷೆಯ ಚಳಿಗಾಲದ ಪದರ ಕೊನೆಗೂ ಒಂದು ಹಂತಕ್ಕೆ ಬಂದಿದೆ. ಹಳ್ಳಿಯ ಸುತ್ತಲಿನ ಪದರ ಅರ್ಧವಾಗಿದೆ, ಬೇಸಿಗೆಯದು ಹೆಸರಿಗಷ್ಟೇ ಇದೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಕಿರ್ಗಿಸ್ತಾನದ ನರಿನ್ ಪ್ರಾಂತ್ಯದಲ್ಲಿ ಕೊಚ್ಕೋರ್ ಎಂಬ ಕಣಿವೆ ಇದೆ. ಅಲ್ಲಿಂದ ಸೋನ್‌ಕುಲ್ ಸರೋವರದವರೆಗೆ ಯಾವ ತಿಂಗಳಲ್ಲಿ ಯಾರ ಜಾನುವಾರು ಎಲ್ಲಿ ಮೇಯುತ್ತವೆ ಎಂಬುದನ್ನು ನಕ್ಷೆಗೆ ಇಳಿಸುವುದು ನನ್ನ ಬಿಡುವಿನ ಕೆಲಸ. ನಾನು ಭೂಗೋಳ ಪಂಡಿತನಲ್ಲ, ಕುರಿ ಸಾಕಿದವನೂ ಅಲ್ಲ. ಉಚಿತವಾಗಿ ಸಿಗುವ ಉಪಗ್ರಹ ಚಿತ್ರಗಳು, ಹಳೆಯ ಸೋವಿಯತ್ ಭೂಪಟಗಳು, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ, ಜೊತೆಗೆ ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದುತ್ತಿರುವ ಅಕ್ಕನ ಮಗಳು: ಬಂಡವಾಳ ಇಷ್ಟೇ. ಅವಳು ಬಾಡಿಗೆಗಿರುವ ಮನೆಯ ಒಡತಿಯ ತವರು ಇದೇ ಕಣಿವೆ. ಆಕೆಯನ್ನು ಎಲ್ಲರೂ ‘ಎಜೆ’ ಎನ್ನುತ್ತಾರೆ, ನಮ್ಮಲ್ಲಿ ಅಕ್ಕ ಎಂದ ಹಾಗೆ. ಉಪಗ್ರಹಕ್ಕೆ ಗೊತ್ತಾಗದ್ದನ್ನೆಲ್ಲ ಎಜೆಯನ್ನು ಕೇಳುವುದು ನಮ್ಮ ಪದ್ಧತಿ.

ಚಳಿಗಾಲದ ಕೊಟ್ಟಿಗೆಗಳು

ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಪ್ರಮಾಣದ ಸೋವಿಯತ್ ಸೇನಾ ಭೂಪಟಗಳನ್ನು ಮೊದಲ ಬಾರಿಗೆ ಹಿಗ್ಗಿಸಿ ನೋಡಿದಾಗ ಊರುಗಳಿಗಿಂತ ಹೆಚ್ಚು ಕಣ್ಣಿಗೆ ಬಿದ್ದದ್ದು ಪಕ್ಕದ ಕಣಿವೆಗಳಲ್ಲಿ ಚೆಲ್ಲಿಕೊಂಡಿದ್ದ ಪುಟ್ಟ ಕಪ್ಪು ಆಯತಗಳು. ಪ್ರತಿಯೊಂದರ ಪಕ್ಕದಲ್ಲಿ ರಷ್ಯನ್ ಲಿಪಿಯಲ್ಲಿ ಮೂರೇ ಅಕ್ಷರ. ‘ಜಿಮ್’ ಎಂದಿದ್ದರೆ ಚಳಿಗಾಲದ ಬಿಡಾರ, ‘ಲೆತ್’ ಎಂದಿದ್ದರೆ ಬೇಸಿಗೆಯದು, ‘ಕೊಶ್’ ಎಂದರೆ ಕುರಿಕೊಟ್ಟಿಗೆ. ಯುದ್ಧಕ್ಕೆಂದು ಮಾಡಿದ ಭೂಪಟ ಕುರಿಗಾಹಿಯ ಮನೆಯನ್ನೂ ಬಿಟ್ಟಿಲ್ಲ. ಆ ನಕ್ಷೆಗಾರರ ಶಿಸ್ತಿಗೆ ಕೈ ಮುಗಿಯಬೇಕು. ಇವನ್ನೆಲ್ಲ ಒಂದೊಂದಾಗಿ ಬಿಂದುಗಳಾಗಿ ಗುರುತಿಸಿಕೊಂಡೆ.

ಈ ಬಿಂದುಗಳನ್ನು ಸೆಂಟಿನೆಲ್-2 ಉಪಗ್ರಹದ ಫೆಬ್ರವರಿಯ ಚಿತ್ರಗಳ ಮೇಲೆ ಇಟ್ಟಾಗ ಕೆಲಸಕ್ಕೆ ಜೀವ ಬಂತು. ಬೆಟ್ಟದ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳು ಆಗಲೂ ಕಂದು ಬಣ್ಣದಲ್ಲಿದ್ದವು. ಬಿಸಿಲು ಮತ್ತು ಗಾಳಿ ಸೇರಿ ಅಲ್ಲಿ ಹಿಮ ನಿಲ್ಲಲು ಬಿಡುವುದಿಲ್ಲ. ‘ಜಿಮ್’ ಎಂಬ ಬಿಂದುಗಳು ಹೆಚ್ಚುಕಡಿಮೆ ಇಂಥ ಇಳಿಜಾರುಗಳ ಬುಡದಲ್ಲೇ ಕೂತಿವೆ. ಕಿರ್ಗಿಜರು ಬಿಸಿಲ ಮಗ್ಗುಲನ್ನು ಕುಂಗೋಯ್, ನೆರಳ ಮಗ್ಗುಲನ್ನು ತೆಸ್ಕೇಯ್ ಎನ್ನುತ್ತಾರೆ. ಇಸ್ಸಿಕ್‌ಕುಲ್ ಸರೋವರದ ಉತ್ತರ ದಂಡೆಯ ಪರ್ವತಶ್ರೇಣಿಗೂ ದಕ್ಷಿಣ ದಂಡೆಯದಕ್ಕೂ ಇವೇ ಹೆಸರು. ಅಲ್ಲಿ ಕುರಿಯನ್ನು ಚಳಿಗಾಲ ದಾಟಿಸುವವನಿಗೆ ಹುಲ್ಲು ಎಷ್ಟಿದೆ ಎನ್ನುವುದಕ್ಕಿಂತ ಹುಲ್ಲು ಹಿಮದಿಂದ ಹೊರಗಿದೆಯೇ ಎನ್ನುವುದು ಮುಖ್ಯ. ಹಿಮ ಇದ್ದರೆ ಕುದುರೆಗಳನ್ನು ಮುಂದೆ ಬಿಡುತ್ತಾರೆ. ಅವು ಗೊರಸಿನಿಂದ ಕೆದರಿ ಮೇಯ್ದ ಜಾಗದಲ್ಲಿ ಕುರಿಗಳು ಹಿಂದಿನಿಂದ ಬಾಯಿ ಹಾಕುತ್ತವೆ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಮಾತ್ರ ಕುದುರೆಯ ಗೊರಸೂ ಸೋಲುತ್ತದೆ. ಮೇವು ಕಣ್ಣೆದುರಿಗೇ ಇದ್ದರೂ ಮಂದೆಗೆ ಮಂದೆಯೇ ಸಾಯುವ ಆ ಸ್ಥಿತಿಗೆ ‘ಜುತ್’ ಎಂದು ಹೆಸರು.

ಇಲ್ಲಿ ಒಂದು ತಾಂತ್ರಿಕ ತೊಡಕು ಬಹಳ ಕಾಡಿತು. ಉಪಗ್ರಹ ಹಾದುಹೋಗುವುದು ಬೆಳಗಿನ ಹೊತ್ತು. ಫೆಬ್ರವರಿಯಲ್ಲಿ ಸೂರ್ಯ ತಗ್ಗಿನಲ್ಲಿರುತ್ತಾನೆ, ಉತ್ತರದ ಇಳಿಜಾರುಗಳು ಕಡುನೆರಳಿನಲ್ಲಿ ಮುಳುಗಿರುತ್ತವೆ. ನೆರಳಿನಲ್ಲಿರುವ ಹಿಮವೂ ಹಿಮವಿಲ್ಲದ ನೆಲವೂ ಚಿತ್ರದಲ್ಲಿ ಒಂದೇ ಕಪ್ಪು. ಆದ್ದರಿಂದ ಎತ್ತರದ ದತ್ತಾಂಶದಿಂದ ಇಳಿಜಾರಿನ ದಿಕ್ಕನ್ನು ಲೆಕ್ಕ ಹಾಕಿ, ಕಡುನೆರಳಿನ ಜಾಗಗಳನ್ನು ಕತ್ತರಿಸಿ ತೆಗೆದು, ಅವುಗಳಿಗೆ ಸೂರ್ಯ ಮೇಲೇರಿದ ಮಾರ್ಚ್ ಕೊನೆಯ ಚಿತ್ರಗಳನ್ನು ಬಳಸಿದೆ. ಸದ್ಯಕ್ಕೆ ಇದು ಸಾಕು.

ಮುಂದಿನ ಪ್ರಶ್ನೆ: ಭೂಪಟದಲ್ಲಿರುವ ಕೊಟ್ಟಿಗೆಗಳಲ್ಲಿ ಇಂದು ಎಷ್ಟು ಬಳಕೆಯಲ್ಲಿವೆ? ಗೂಗಲ್ ಅರ್ತ್‌ನಲ್ಲಿ ಹತ್ತಿರದಿಂದ ನೋಡಿದರೆ ಕೆಲವಕ್ಕೆ ಹೊಳೆಯುವ ತಗಡು, ಪಕ್ಕದಲ್ಲಿ ಹುಲ್ಲಿನ ಬಣವೆ. ಇನ್ನು ಕೆಲವಕ್ಕೆ ಗೋಡೆ ಮಾತ್ರ. ಒಳಗಿನ ಕಂಬಗಳ ಸಾಲಿನ ನೆರಳು ಬಾಚಣಿಗೆಯ ಹಲ್ಲುಗಳ ಹಾಗೆ ನೆಲದ ಮೇಲೆ ಬಿದ್ದಿರುತ್ತದೆ. ಗೋಡೆಯೂ ಉಳಿಯದ ಕಡೆ ಒಂದು ಉಪಾಯ ಕೈಹಿಡಿಯಿತು. ದಶಕಗಟ್ಟಲೆ ಕುರಿ ಮಲಗಿದ ನೆಲದಲ್ಲಿ ಹಿಕ್ಕೆ ಗೊಬ್ಬರ ಅಷ್ಟು ಆಳಕ್ಕೆ ಇಳಿದಿರುತ್ತದೆ, ಜೂನ್ ತಿಂಗಳಲ್ಲಿ ಆ ಜಾಗ ಸುತ್ತಲಿನದಕ್ಕಿಂತ ಗಾಢ ಹಸಿರಾಗಿ ಎದ್ದು ಕಾಣುತ್ತದೆ. ‘ಕೊಶ್’ ಬಿಂದುವಿನ ಮೇಲೆ ಚೌಕಾಕಾರದ ಹಸಿರು ಕಂಡರೆ ಅಲ್ಲೊಂದು ಹಟ್ಟಿ ಇತ್ತೆಂದು ಗುರುತು ಹಾಕಿಕೊಳ್ಳುತ್ತೇನೆ.

ಸೂರು ಹೋದದ್ದು ಹೇಗೆ ಎಂಬುದು ಆ ದೇಶದ ಇತಿಹಾಸವೇ. 1980ರ ದಶಕದ ಕೊನೆಯಲ್ಲಿ ಕಿರ್ಗಿಜ್ ಗಣರಾಜ್ಯದಲ್ಲಿ ಸುಮಾರು ಒಂದು ಕೋಟಿ ಕುರಿಗಳಿದ್ದವು. ಮಾಸ್ಕೋಗೆ ಬೇಕಿದ್ದದ್ದು ನವಿರು ಉಣ್ಣೆ. ಅದಕ್ಕೆಂದೇ ಮೆರಿನೋ ರಕ್ತ ಬೆರೆಸಿದ ತಳಿ. ಚಳಿಗಾಲಕ್ಕೆ ಬೇಕಾದ ಧಾನ್ಯ ಹೊರಗಿನ ಗಣರಾಜ್ಯಗಳಿಂದ ಬರುತ್ತಿತ್ತು. ಮಂದೆ ಸಾಗಿಸಲು ಲಾರಿ, ಡೀಸೆಲ್ ಎಲ್ಲ ಸಾಮೂಹಿಕ ಕೃಷಿ ಸಂಸ್ಥೆಯದೇ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಉಣ್ಣೆಯ ಮಾರುಕಟ್ಟೆ, ಧಾನ್ಯ, ಡೀಸೆಲ್ ಮೂರೂ ಒಟ್ಟಿಗೆ ನಿಂತವು. ಸಂಸ್ಥೆಗಳ ಕುರಿಗಳನ್ನು ಮನೆಮನೆಗೆ ಹಂಚಿದರು. ಜನ ಅವನ್ನು ಕೊಯ್ದು ತಿಂದರು, ಸಾಲಕ್ಕೆ ಕೊಟ್ಟರು, ಹಿಟ್ಟಿಗೆ ಬದಲು ಮಾಡಿಕೊಂಡರು. 1990ರ ದಶಕದ ನಡುವಿಗೆ ಒಂದು ಕೋಟಿ ಇದ್ದದ್ದು ನಲವತ್ತು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಯಾರೂ ಇಲ್ಲದ ಕೊಟ್ಟಿಗೆಗಳ ತೊಲೆ, ಚಾವಣಿ ಹಾಳೆಗಳು ಊರಿನ ಮನೆಗಳಿಗೆ ಸೇರಿದವು. ಎಜೆಯ ತವರಿನ ದನದ ಕೊಟ್ಟಿಗೆಗೆ ಹೊದಿಸಿದ ಹಾಳೆಗಳೂ ಅಂಥವೇ ಅಂತೆ. ಆಕೆ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದರು ಎಂದು ಸೋದರಸೊಸೆ ಬರೆದಿದ್ದಾಳೆ. ಮುಚ್ಚಿಡುವುದಾದರೂ ಏನಿದೆ? ಆಗ ಎಲ್ಲರೂ ಅದನ್ನೇ ಮಾಡಿದರು.

ಹಳ್ಳಿಯ ಸುತ್ತ

ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಆಸಕ್ತಿ ಇರುವುದು ಇಲ್ಲಿ. ಪ್ರವಾಸಿಗಳು ಬರೆಯುವುದೆಲ್ಲ ಬೆಟ್ಟದ ಮೇಲಿನ ಬೇಸಿಗೆಯ ಹುಲ್ಲುಗಾವಲಿನ ಬಗ್ಗೆ. ಆದರೆ ಸಣ್ಣ ಹಿಡುವಳಿಯವನ ವರ್ಷದ ಬಹುಪಾಲು ಕಳೆಯುವುದು ಊರಿನ ಬೇಲಿಯಾಚೆಯ ಕೆಲವೇ ಕಿಲೋಮೀಟರುಗಳಲ್ಲಿ.

ಎಜೆಯ ತಮ್ಮನ ಮನೆಯನ್ನೇ ನೋಡಿ. ಎರಡು ಕರೆಯುವ ಹಸು, ಒಂದು ಕುದುರೆ, ಒಂದಿಷ್ಟು ಕುರಿ. ಕುರಿಗಳು ಅವರಿಗೆ ಬ್ಯಾಂಕಿನ ಖಾತೆ ಇದ್ದ ಹಾಗೆ: ಶಾಲೆ ತೆರೆಯುವ ಮುನ್ನ ಒಂದನ್ನು ಮಾರುತ್ತಾರೆ, ರಷ್ಯಾದಲ್ಲಿ ದುಡಿಯುವ ಮಗ ಹಣ ಕಳಿಸಿದರೆ ಎರಡನ್ನು ಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕುರಿಗಳನ್ನು ‘ಚಬಾನ್’ ಎಂದು ಕರೆಯುವ ಕುರಿಗಾಹಿಗೆ ತಲೆಗಿಷ್ಟು ಎಂದು ತಿಂಗಳ ಕೂಲಿ ಕೊಟ್ಟು ಬೆಟ್ಟಕ್ಕೆ ಕಳಿಸುತ್ತಾರೆ. ವಸಂತದಲ್ಲೂ ಶರತ್ಕಾಲದಲ್ಲೂ ಕುರಿಗಳು ಊರ ಹತ್ತಿರವೇ ಇರುವುದರಿಂದ ಬೀದಿಯ ಮನೆಗಳೆಲ್ಲ ಸರದಿಯ ಮೇಲೆ ಕಾಯುತ್ತವೆ. ಈ ಸರದಿಗೆ ‘ಕೆಜೂ’ ಎನ್ನುತ್ತಾರೆ. ಹೆಚ್ಚು ಕುರಿ ಇರುವ ಮನೆಗೆ ಹೆಚ್ಚು ದಿನ, ಕಡಿಮೆ ಇದ್ದವರಿಗೆ ಕಡಿಮೆ. ಸರದಿಯ ದಿನ ಮನೆಯಲ್ಲಿ ಗಂಡಾಳಿಲ್ಲದಿದ್ದರೆ ಶಾಲೆಗೆ ಚಕ್ಕರ್ ಹಾಕಿ ಹುಡುಗ ಹೋಗುತ್ತಾನೆ, ಇಲ್ಲವೇ ಹಣ ಕೊಟ್ಟು ಬೇರೆಯವರನ್ನು ಗೊತ್ತುಮಾಡಬೇಕು.

ಹಸುವಿನ ಕಥೆಯೇ ಬೇರೆ. ಬೆಳಗ್ಗೆ ಕರೆದು ಬೀದಿಗೆ ಬಿಟ್ಟರೆ ದನಗಾಹಿ ಊರ ಹಸುಗಳನ್ನೆಲ್ಲ ಒಟ್ಟುಗೂಡಿಸಿ ಹೊಡೆದುಕೊಂಡು ಹೋಗುತ್ತಾನೆ, ಸಂಜೆ ಅವು ತಾವಾಗಿಯೇ ತಮ್ಮ ತಮ್ಮ ಬಾಗಿಲಿಗೆ ಬಂದು ನಿಲ್ಲುತ್ತವೆ. ಬೆಟ್ಟದಲ್ಲಿ ಅಷ್ಟು ಹುಲ್ಲಿರುವಾಗ ಹಸುವನ್ನೂ ಮೇಲಕ್ಕೆ ಏಕೆ ಕಳಿಸುವುದಿಲ್ಲ ಎಂದು ಕೇಳಿಸಿದ್ದೆ. ಸೊಸೆಯ ಉತ್ತರ: “ಮಾಮ, ನಿಮ್ಮ ಪ್ರಶ್ನೆ ಕೇಳಿ ಎಜೆ ನಕ್ಕರು. ಹಸುವನ್ನು ಮೇಲೆ ಕಳಿಸಿದರೆ ಮೊಮ್ಮಕ್ಕಳ ಚಹಾಕ್ಕೆ ಹಾಲು ಯಾರು ತಂದುಕೊಡುತ್ತಾರೆ ಎಂದು ನಿಮ್ಮನ್ನೇ ಕೇಳಬೇಕಂತೆ.”

ನನ್ನ ನಕ್ಷೆಯ ಮುಖ್ಯ ಸಂಗತಿ ಆ ಚಹಾದಲ್ಲೇ ಇದೆ. ಕುರಿಗಳು ಬೆಟ್ಟ ಹತ್ತಿದ ಮೇಲೂ ಹಸುಗಳ ಕಾರಣದಿಂದ ಊರ ಸುತ್ತಲಿನ ನೆಲಕ್ಕೆ ಬಿಡುವು ಸಿಗುವುದಿಲ್ಲ. ವಸಂತದಲ್ಲಿ ಮೊದಲ ಚಿಗುರು ಬಂದಾಗ ಕುರಿ, ಹಸು ಎಲ್ಲವೂ ಅಲ್ಲೇ, ಬೇಸಿಗೆಯಿಡೀ ಹಸುಗಳು, ಶರತ್ಕಾಲದಲ್ಲಿ ಮತ್ತೆ ಎಲ್ಲವೂ. ಮೇ ತಿಂಗಳ ಚಿತ್ರಗಳಿಂದ ಹಸಿರಿನ ಸೂಚ್ಯಂಕ ತೆಗೆದರೆ ಊರುಗಳ ಸುತ್ತ ಮಂಕಾದ ಒಂದು ಉಂಗುರ ಕಾಣುತ್ತದೆ.

ಉಂಗುರವನ್ನು ಕಂಡೊಡನೆ ಅತಿಮೇಯಿಸುವಿಕೆ ಎಂದು ತೀರ್ಪು ಕೊಡುವಂತಿಲ್ಲ. ಕೊಚ್ಕೋರ್ ಕಣಿವೆಯ ತಳ ಮೊದಲೇ ಒಣ ನೆಲ, ಪರ್ವತಗಳು ಮಳೆಯನ್ನು ತಡೆಯುತ್ತವೆ. ಮೇಲಕ್ಕೆ ಹೋದಂತೆ ತೇವ ಹೆಚ್ಚು. ಊರುಗಳಿರುವುದು ತಳದಲ್ಲೇ ಆದ್ದರಿಂದ ಜಾನುವಾರು ಒಂದೂ ಇಲ್ಲದಿದ್ದರೂ ಅಲ್ಲಿ ಹಸಿರು ಕಡಿಮೆಯೇ ಇರುತ್ತಿತ್ತು. ಹಾಗಾಗಿ ಈಗ ಒಂದೇ ಎತ್ತರದ, ಒಂದೇ ದಿಕ್ಕಿಗೆ ಮುಖ ಮಾಡಿದ ಇಳಿಜಾರುಗಳನ್ನು ಮಾತ್ರ ಹೋಲಿಸುತ್ತಿದ್ದೇನೆ: ಒಂದು ಊರಿಗೆ ಹತ್ತಿರದ್ದು, ಇನ್ನೊಂದು ದೂರದ್ದು. ಹೀಗೆ ಮಾಡಿದಾಗ ಉಂಗುರ ತೆಳುವಾಯಿತೇ ಹೊರತು ಅಳಿಯಲಿಲ್ಲ. ನೀರಾವರಿಯ ಹೊಲಗಳನ್ನು, ಅಂದರೆ ಚಳಿಗಾಲದ ಒಣಮೇವಿಗೆಂದು ಕುದುರೆಮೆಂತೆಯನ್ನೂ ಎಸ್ಪಾರ್ಸೆಟ್ ಎಂಬ ಮೇವಿನ ಬೆಳೆಯನ್ನೂ ಬೆಳೆಯುವ ತುಂಡುಗಳನ್ನು, ಕೈಯಲ್ಲೇ ಗೆರೆ ಎಳೆದು ಲೆಕ್ಕದಿಂದ ಹೊರಗಿಟ್ಟೆ. ಬೇಸರದ ಕೆಲಸ, ಆದರೆ ಅದನ್ನು ಬಿಟ್ಟರೆ ಊರೇ ಹುಲ್ಲುಗಾವಲಿನಂತೆ ಕಾಣುತ್ತದೆ.

ಹಸಿರು ಕಂಡದ್ದೆಲ್ಲ ಮೇವೂ ಅಲ್ಲ. ಮೇಯ್ದು ಸೋತ ಹುಲ್ಲುಗಾವಲುಗಳಲ್ಲಿ ಕರಗಾನ ಎಂಬ ಮುಳ್ಳುಪೊದೆ ಹಬ್ಬುತ್ತದೆ. ಕುರಿಗಳು ಅದಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ, ಉಪಗ್ರಹಕ್ಕೆ ಮಾತ್ರ ಅದೂ ಒಳ್ಳೆಯ ಹಸಿರೇ. ಹಳದಿ ಹೂ ಬಿಡುವ ಹೊತ್ತಿನ ಚಿತ್ರಗಳಲ್ಲಿ ಅದನ್ನು ಬೇರ್ಪಡಿಸಬಹುದೇ ಎಂದು ನೋಡುತ್ತಿದ್ದೇನೆ. ಹತ್ತು ಮೀಟರಿನ ಚೌಕದಲ್ಲಿ ಹೂವಿನ ಬಣ್ಣ ಸಿಗುವುದು ಕಷ್ಟ, ಹೆಚ್ಚು ಆಸೆ ಇಟ್ಟುಕೊಂಡಿಲ್ಲ.

ಬೇಸಿಗೆಯ ಜೈಲೂ

ಬೆಟ್ಟದ ಮೇಲಿನ ಬೇಸಿಗೆಯ ಹುಲ್ಲುಗಾವಲಿಗೆ ಕಿರ್ಗಿಜರು ‘ಜೈಲೂ’ ಎನ್ನುತ್ತಾರೆ. ಇಲ್ಲಿ ಹೇಳುವುದು ಕಡಿಮೆ. ಸೋನ್‌ಕುಲ್ ಇರುವುದು ಸಮುದ್ರಮಟ್ಟದಿಂದ 3,016 ಮೀಟರ್ ಎತ್ತರದಲ್ಲಿ. ಸುತ್ತ ಒಂದು ಮರವಿಲ್ಲ. ಜೂನ್‌ನಲ್ಲಿ ಮಂದೆಗಳು ಕಲ್ಮಕ್ ಅಶೂ ಮುಂತಾದ ಕಣಿವೆದಾರಿಗಳನ್ನು ದಾಟಿ ಮೇಲೇರುತ್ತವೆ, ಸೆಪ್ಟೆಂಬರಿನಲ್ಲಿ ಇಳಿಯುತ್ತವೆ. ಕೊಚ್ಕೋರ್‌ನವರಷ್ಟೇ ಅಲ್ಲ, ಜುಮ್ಗಾಲ್, ಅಕ್-ತಲಾ, ನರಿನ್ ಕಡೆಯವರೂ ಅಲ್ಲಿಗೆ ಬರುತ್ತಾರೆ. ಅಲ್ಲಿ ಹೆಣ್ಣುಕುದುರೆಯನ್ನು ದಿನಕ್ಕೆ ಹಲವು ಬಾರಿ ಕರೆದು ಹಾಲನ್ನು ಹುಳಿಬರಿಸಿ ಕುಮಿಸ್ ಮಾಡುವುದು, ಮೊಸರು ಬಸಿದು ಉಂಡೆ ಕಟ್ಟಿ ಕುರುತ್ ಒಣಗಿಸುವುದು ಹೆಂಗಸರ ಕೆಲಸ. ಯುರ್ತ್ ಡೇರೆಗಳನ್ನು ಎಣಿಸಬೇಕೆಂಬ ಆಸೆ ಇತ್ತು. ಡೇರೆಯ ಅಗಲವೇ ಉಪಗ್ರಹದ ಒಂದು ಚೌಕಕ್ಕಿಂತ ಕಡಿಮೆ, ಆದ್ದರಿಂದ ಆ ಯೋಚನೆ ಕೈಬಿಟ್ಟಿದ್ದೇನೆ. ರಾತ್ರಿ ಕುರಿ ಕೂಡುವ ರೊಪ್ಪದ ಕಪ್ಪು ಕಲೆಗಳು ಕೆಲವೊಮ್ಮೆ ಕಾಣುತ್ತವೆ, ಅವನ್ನೇ ಗುರುತಿಸುತ್ತಿದ್ದೇನೆ.

ಕಾನೂನು ಮತ್ತು ಸೇತುವೆ

2009ರ ಹುಲ್ಲುಗಾವಲು ಕಾನೂನು ಬರುವ ಮುನ್ನ ನೆಲ ಮೂರು ಕೈಗಳಲ್ಲಿ ಹಂಚಿಹೋಗಿತ್ತು: ಊರ ಹತ್ತಿರದ್ದು ಗ್ರಾಮಾಡಳಿತಕ್ಕೆ, ನಡುವಿನದು ಜಿಲ್ಲೆಗೆ, ದೂರದ ಬೇಸಿಗೆಯದು ಪ್ರಾಂತ್ಯಕ್ಕೆ. ಒಂದೇ ಮಂದೆ ವರ್ಷದಲ್ಲಿ ಮೂರು ಕಚೇರಿಗಳ ನೆಲ ತುಳಿಯಬೇಕು. ಗುತ್ತಿಗೆ ಹೆಕ್ಟೇರಿನ ಲೆಕ್ಕದಲ್ಲಿ. ಹತ್ತು ಕುರಿಯವನು ದೂರದ ನೆಲವನ್ನು ಗುತ್ತಿಗೆಗೆ ಹಿಡಿಯುವುದು ಆಗದ ಮಾತಾಗಿತ್ತು. ಹೊಸ ಕಾನೂನು ಎಲ್ಲವನ್ನೂ ಸ್ಥಳೀಯ ಮಟ್ಟಕ್ಕೆ ತಂದಿತು. ಬಳಕೆದಾರರೇ ಆರಿಸುವ ‘ಜಾಯಿತ್ ಸಮಿತಿ’, ಅಂದರೆ ಹುಲ್ಲುಗಾವಲು ಸಮಿತಿ, ಮೇವಿನ ಯೋಜನೆ ಮಾಡುತ್ತದೆ, ಜಾನುವಾರಿನ ತಲೆಯ ಲೆಕ್ಕದಲ್ಲಿ ಚೀಟಿ ಕೊಟ್ಟು ಶುಲ್ಕ ಪಡೆಯುತ್ತದೆ, ಆ ಹಣದಿಂದ ದಾರಿ, ಸೇತುವೆ, ನೀರಿನ ತೊಟ್ಟಿ ಸರಿಪಡಿಸಬೇಕು.

ನನಗೆ ಈ ಕಾನೂನು ಇಷ್ಟವಾಯಿತು, ಆದರೆ ನನ್ನ ನಕ್ಷೆ ಅದರ ಪರವಾಗಿ ಪೂರ್ತಿ ಸಾಕ್ಷಿ ಹೇಳುವುದಿಲ್ಲ. ಚೀಟಿಯ ಬೆಲೆಗಿಂತ ಮೇಲೆ ಹೋಗುವ ಖರ್ಚು ದೊಡ್ಡದು. ಡೇರೆ ಬೇಕು, ಲಾರಿ ಬಾಡಿಗೆ ಬೇಕು, ಮೂರು ತಿಂಗಳು ಮನೆ ಬಿಟ್ಟಿರುವ ಆಳು ಬೇಕು. ದೊಡ್ಡ ಮಂದೆಯವನಿಗೆ ಇದು ಗಿಟ್ಟುತ್ತದೆ, ಅವನ ಜಾನುವಾರಿಗೆ ಒಳ್ಳೆಯ ಹುಲ್ಲೂ ಸಿಗುತ್ತದೆ. ಚಿಕ್ಕವನ ಹಸು ಸವೆದ ಉಂಗುರದಲ್ಲೇ ಉಳಿಯುತ್ತದೆ. ದೇಶದಲ್ಲಿ ಸುಮಾರು 90 ಲಕ್ಷ ಹೆಕ್ಟೇರ್ ಹುಲ್ಲುಗಾವಲು ಇರುವಾಗ ‘ಜಾನುವಾರು ಹೆಚ್ಚಾದವು, ಕಡಿಮೆ ಮಾಡಿ’ ಎಂಬ ಸಾಮಾನ್ಯ ಉಪದೇಶ ನನಗೆ ಅರ್ಧ ಸತ್ಯವಾಗಿ ಕಾಣುವುದು ಇದಕ್ಕೇ. ಕೊಚ್ಕೋರ್‌ನ ಮಟ್ಟಿಗೆ ತಲೆ ಎಣಿಸುವುದಕ್ಕಿಂತ ದೂರ ಅಳೆಯುವುದು ಹೆಚ್ಚು ತಿಳಿಸುತ್ತದೆ.

ಹಾಗಾಗಿ ಈಗ ದೂರದ ಪದರ ಕಟ್ಟುತ್ತಿದ್ದೇನೆ. ನೇರ ಗೆರೆಯ ಕಿಲೋಮೀಟರ್ ಅಲ್ಲ, ಏರಿಳಿತ ಸೇರಿಸಿ ಮಂದೆ ನಡೆಯಲು ಹಿಡಿಯುವ ಸಮಯ. ಏರು ಹೆಚ್ಚಿದಂತೆ ವೇಗ ತಗ್ಗಿಸುವ ಸರಳ ಸೂತ್ರ ಹಾಕಿದ್ದೇನೆ. ಅದಕ್ಕೆ ಹೊಳೆಗಳನ್ನು ಸೇರಿಸಬೇಕು. ಹಿಮ ಕರಗುವ ಜೂನ್‌ನಲ್ಲೇ ಮಂದೆ ಹೊರಡುವುದು, ಹೊಳೆ ತುಂಬಿ ಹರಿಯುವುದೂ ಆಗಲೇ. ಒಂದು ಮರದ ಸೇತುವೆ ಕೊಚ್ಚಿಹೋದರೆ ಅದರಾಚೆಯ ಹುಲ್ಲು ಆ ವರ್ಷ ಇಲ್ಲದ ಹಾಗೆಯೇ. ಸೋವಿಯತ್ ಭೂಪಟದಲ್ಲಿ ಸೇತುವೆಗಳಿವೆ, ಇಂದು ಯಾವುವು ನಿಂತಿವೆ ಎಂಬುದು ಚಿತ್ರದಲ್ಲಿ ಸ್ಪಷ್ಟವಿಲ್ಲ.

ಸೇತುವೆಗಳನ್ನು ಕೆಂಪು ಚುಕ್ಕಿಗಳಲ್ಲಿ ಗುರುತಿಸಿದ ಹಾಳೆಯನ್ನು ಸೊಸೆಗೆ ಕಳಿಸಿದ್ದೇನೆ. ಎಜೆಯ ತಮ್ಮ ಬಿಷ್ಕೆಕ್‌ಗೆ ಬಂದಾಗ ಹೋದ ಸೇತುವೆಗಳ ಮೇಲೆ ಪೆನ್ನಿನಿಂದ ಗೀಟು ಎಳೆದುಕೊಡಲು ಒಪ್ಪಿದ್ದಾರೆ. ಅದು ಬರುವವರೆಗೆ ಉಳಿದ ಎರಡು ಊರುಗಳ ಮೇವಿನ ಹೊಲಗಳಿಗೆ ಗೆರೆ ಎಳೆಯುವ ಕೆಲಸವಿದೆ.