ಬ್ರೋಕನ್ ಹಿಲ್‌ನಲ್ಲಿ ನೋಡೋಕೆ ಅಂಥದ್ದೇನಿದೆ?

ಸಿಡ್ನಿಯಲ್ಲಿ ನಮ್ಮವರ ಮನೆಗೆ ಊಟಕ್ಕೆ ಹೋದಾಗ ರಜೆಯ ಮಾತು ಬಂತೆಂದರೆ ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ: "ಕಡಲತೀರ ಬಿಟ್ಟು, 1,150 ಕಿಲೋಮೀಟರ್ ದೂರದ ಬ್ರೋಕನ್ ಹಿಲ್ ಅನ್ನೋ ಆ ಗಣಿ ಊರಿಗೆ ಯಾಕೆ ಮತ್ತೆ ಮತ್ತೆ ಹೋಗ್ತೀರಿ? ಅಲ್ಲೇನಿದೆ ನೋಡೋಕೆ?" ಊಟದ ನಡುವೆ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಇಲ್ಲಿ ಬರೆದಿಡುತ್ತೇನೆ.

ನಾನು ಕೋಲಾರದ ಕಡೆಯವಳು. ಬೇಸಿಗೆ ರಜೆಗೆ ಕೆಜಿಎಫ್‌ನ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆವು. ಮಧ್ಯಾಹ್ನ ಗಾಳಿ ಎದ್ದರೆ ಚಿನ್ನ ಬೇರ್ಪಡಿಸಿ ಉಳಿದ ಪುಡಿಯನ್ನು ಸುರಿದ ಸೈನೈಡ್ ದಿಬ್ಬಗಳ ಬಿಳಿ ಧೂಳು ಹಾರಿ ಬಂದು, ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತಿತ್ತು. ದೊಡ್ಡಮ್ಮ ಬಟ್ಟೆ ಕೊಡವುತ್ತ ಬೈಯುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಬ್ರೋಕನ್ ಹಿಲ್‌ಗೆ ಮೊದಲ ಸಲ ಹೋಗಿ ಪೇಟೆಯ ಮುಖ್ಯರಸ್ತೆ ಆರ್ಜೆಂಟ್ ಸ್ಟ್ರೀಟ್‌ನಲ್ಲಿ ನಿಂತಾಗ, ಅಡ್ಡರಸ್ತೆಯ ಕೊನೆಗೆ ಕಪ್ಪು ಗುಡ್ಡವೊಂದು ಗೋಡೆಯ ಹಾಗೆ ನಿಂತಿತ್ತು. ಗಣಿಯಿಂದ ಎತ್ತಿ ಸುರಿದ ಕಲ್ಲುಮಣ್ಣಿನ ಗುಡ್ಡ. ಅದನ್ನು ನೋಡಿದ್ದೇ ನನಗೆ ದೊಡ್ಡಮ್ಮನ ಮನೆಯ ಅಂಗಳ ನೆನಪಾಯಿತು.

1883ರಲ್ಲಿ ಮೌಂಟ್ ಗಿಪ್ಸ್ ಎಂಬ ಕುರಿ ಸಾಕಣೆಯ ಜಮೀನಿನಲ್ಲಿ ಬೇಲಿ ಕಾಯುತ್ತಿದ್ದ ಚಾರ್ಲ್ಸ್ ರಾಸ್ಪ್, ಅಲ್ಲಿನ ಮುರುಕು ಗುಡ್ಡದಲ್ಲಿ ತವರ ಇದೆ ಎಂದುಕೊಂಡು ಗಣಿ ತೋಡುವ ಹಕ್ಕಿಗಾಗಿ ಗಡಿಗೂಟ ನೆಟ್ಟ. ಏಳು ಜನ ಸೇರಿ ದುಡ್ಡು ಹಾಕಿದರು. ಸಿಕ್ಕಿದ್ದು ತವರವಲ್ಲ, ಬೆಳ್ಳಿ, ಸೀಸ, ಸತು. ಅದಿರಿನ ಪಟ್ಟಿ ಏಳು ಕಿಲೋಮೀಟರ್‌ಗೂ ಉದ್ದ. 1885ರಲ್ಲಿ ಹುಟ್ಟಿದ ಬ್ರೋಕನ್ ಹಿಲ್ ಪ್ರೊಪ್ರೈಟರಿ ಕಂಪನಿಯೇ ಇವತ್ತಿನ ದೈತ್ಯ ಗಣಿ ಕಂಪನಿ ಬಿಎಚ್‌ಪಿ. ಕಂಪನಿ 1939ರಲ್ಲಿ ಊರು ಬಿಟ್ಟಿತು, ಹೆಸರಿನ ಅಕ್ಷರಗಳನ್ನು ಮಾತ್ರ ಬಿಡಲಿಲ್ಲ. ಊರಿನ ಬೀದಿಗಳಿಗೂ ಖನಿಜ, ರಾಸಾಯನಿಕಗಳದೇ ಹೆಸರು: ಆಕ್ಸೈಡ್, ಕ್ಲೋರೈಡ್, ಸಲ್ಫೈಡ್, ಕೋಬಾಲ್ಟ್.

ಈಗ ನೋಡುವುದರ ಮಾತು. ಮೊದಲು ಆ ಕಪ್ಪು ಗುಡ್ಡ ಹತ್ತಿ. ಮೇಲೆ ತುಕ್ಕುಬಣ್ಣದ ಉಕ್ಕಿನ ಸ್ಮಾರಕವಿದೆ. ಗಣಿಯಲ್ಲಿ ಸತ್ತ 800ಕ್ಕೂ ಹೆಚ್ಚು ಕೆಲಸಗಾರರ ಹೆಸರು ವರ್ಷದ ಪ್ರಕಾರ ಅಲ್ಲಿದೆ. ಬರೀ ಹೆಸರಲ್ಲ, ಹೇಗೆ ಸತ್ತರು ಎಂಬುದೂ ಇದೆ. ಬಂಡೆ ಕುಸಿದು. ಗಣಿಯ ಬಾವಿಗೆ ಬಿದ್ದು. ಸೀಸದ ವಿಷವೇರಿ. ನಾನು ಒಂದೊಂದೇ ಸಾಲು ಬೆರಳಿಟ್ಟು ಓದುತ್ತ ಹೋದೆ. ಯಾರೋ ತಂದಿಟ್ಟ ಪ್ಲಾಸ್ಟಿಕ್ ಗುಲಾಬಿಗಳು ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದವು. ನಮ್ಮ ಕಡೆಯೂ ನೆಲದಾಳಕ್ಕೆ ಇಳಿದು ಮೇಲೆ ಬಾರದವರು ಎಷ್ಟೋ ಜನ. ಹೀಗೆ ನಿಂತು ಓದುವಂಥ ಪಟ್ಟಿಯನ್ನು ನಾನು ಕೆಜಿಎಫ್‌ನಲ್ಲಿ ಕಂಡಿಲ್ಲ. ಕಾಣಬೇಕೆಂಬ ಆಸೆ ಇದೆ.

ಆ ಪಟ್ಟಿ ಓದಿದ ಮೇಲೆ ಕೆಳಗಿಳಿದು, ಕಾರ್ಮಿಕ ಸಂಘಗಳ ಕಟ್ಟಡವಾದ ಟ್ರೇಡ್ಸ್ ಹಾಲ್ ಮುಂದೆ ಐದು ನಿಮಿಷ ನಿಲ್ಲಿ. 1919ರ ಮೇ ತಿಂಗಳಿಂದ 1920ರ ನವೆಂಬರ್‌ವರೆಗೆ, ಹದಿನೆಂಟು ತಿಂಗಳು ಇಲ್ಲಿನ ಕಾರ್ಮಿಕರು ಮುಷ್ಕರ ಹೂಡಿದ್ದರು. ಕೊನೆಗೆ ವಾರಕ್ಕೆ 35 ಗಂಟೆ ಕೆಲಸ, ಧೂಳಿನ ರೋಗ ತಗುಲಿದವರಿಗೆ ಪರಿಹಾರ, ಎರಡನ್ನೂ ಪಡೆದರು. ಲೋಕದ ಎಷ್ಟೋ ಕಡೆ ಇಂದಿಗೂ ಇಲ್ಲದ್ದು ಇದು.

ನನ್ನನ್ನು ಮತ್ತೆ ಮತ್ತೆ ಎಳೆಯುವುದು ಮಾತ್ರ ಊರಂಚಿನ ಬೇಲಿ. ಯಾವ ಪ್ರವಾಸಿಯೂ ಅದರ ಫೋಟೋ ತೆಗೆಯುವುದನ್ನು ನಾನು ನೋಡಿಲ್ಲ. ಗಣಿಯ ಊರೆಗಂಬಕ್ಕೆ, ಒಲೆಗೆ ಅಂತ ಸುತ್ತಲಿನ ಮರಗಳನ್ನೆಲ್ಲ ಕಡಿದರು. ಉಳಿದ ಚಿಗುರನ್ನು ಆಡು, ಮೊಲಗಳು ತಿಂದವು. ಮರಳು ಬೀದಿಗೆ ನುಗ್ಗಿ ಮನೆ ಬೇಲಿಗಳನ್ನೇ ಹೂಳುತ್ತಿತ್ತು. ಗಣಿಯಲ್ಲಿ ಅದಿರು ಪರೀಕ್ಷಿಸುವ ಕೆಲಸದಲ್ಲಿದ್ದ ಆಲ್ಬರ್ಟ್ ಮಾರಿಸ್, ಹೆಂಡತಿ ಮಾರ್ಗರೆಟ್ ಜೊತೆ ಸೇರಿ ವರ್ಷಗಟ್ಟಲೆ ಈ ಸೀಮೆಯ ಗಿಡಗಳನ್ನು ಅಭ್ಯಾಸ ಮಾಡಿದ್ದರು. ಹೊರಗಿನ ಗಿಡ ತಂದು ನೀರೆರೆಯುವುದಕ್ಕಿಂತ ಪ್ರಾಣಿ ನುಗ್ಗದಂತೆ ಬೇಲಿ ಹಾಕಿದರೆ ಇಲ್ಲಿನ ನೆಲ ತಾನೇ ಚಿಗುರುತ್ತದೆ ಎಂಬುದು ಅವರ ನಂಬಿಕೆ. 1936ರಲ್ಲಿ ಗಣಿ ಕಂಪನಿ ಒಪ್ಪಿ ಬೇಲಿ ಹಾಕಿಸಿತು. ಮಳೆ ಬಿತ್ತು, ಮಣ್ಣಲ್ಲಿ ಮಲಗಿದ್ದ ಬೀಜ ಎದ್ದಿತು. ಆಲ್ಬರ್ಟ್ 1939ರಲ್ಲಿ ತೀರಿಕೊಂಡರು. ಬೇಲಿ ಮುಂದುವರಿದು ಊರನ್ನು ಹೆಚ್ಚುಕಡಿಮೆ ಸುತ್ತುವರಿಯಿತು. ಬೂದುಬಣ್ಣದ ಸಾಲ್ಟ್‌ಬುಷ್ ಎಲೆಯೊಂದನ್ನು ಬೆರಳಲ್ಲಿ ಹೊಸಕಿ ನೋಡಿ: ದಪ್ಪಗಿರುತ್ತದೆ, ಮೇಲೆ ಹಿಟ್ಟು ಉದುರಿಸಿದ ಹಾಗಿರುತ್ತದೆ. ಆ ಕುರುಚಲು ಗಿಡಗಳೇ ಈ ಊರಿನ ಧೂಳನ್ನು ತಡೆದು ನಿಲ್ಲಿಸಿದ್ದು. ಕೆಜಿಎಫ್‌ನ ದಿಬ್ಬಗಳ ಬಗ್ಗೆ ಯಾರಾದರೂ "ಅದಕ್ಕೆ ಏನೂ ಮಾಡೋಕಾಗಲ್ಲ" ಎಂದಾಗಲೆಲ್ಲ ನನಗೆ ಈ ಬೇಲಿ ಕಣ್ಣ ಮುಂದೆ ಬರುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಒಂಟೆಗಳ ಮೇಲೆ ಸರಕು ಸಾಗಿಸುತ್ತಿದ್ದವರು 1891ರ ಹೊತ್ತಿಗೆ ಕಟ್ಟಿಕೊಂಡ ಪುಟ್ಟ ತಗಡಿನ ಮಸೀದಿ ನೋಡಿ. ಅವರನ್ನೆಲ್ಲ ಇಲ್ಲಿ ಅಫ್ಘನ್ನರು ಎಂದರೂ, ಬಲೂಚಿಸ್ತಾನ, ಪಂಜಾಬ್ ಕಡೆಯವರೂ ಅವರಲ್ಲಿದ್ದರು. ಸಂಜೆ ಊರಾಚೆಯ ಗುಡ್ಡದ ಮೇಲೆ, 1993ರಲ್ಲಿ ಕೆತ್ತಿದ ಹನ್ನೆರಡು ಮರಳುಗಲ್ಲಿನ ಶಿಲ್ಪಗಳ ನಡುವೆ ಕೂತು ಸೂರ್ಯ ಮುಳುಗುವುದನ್ನು ನೋಡಿ. ಹಳೆಯ ಗಣಿ ಊರು ಸಿಲ್ವರ್ಟನ್ 25 ಕಿಲೋಮೀಟರ್. ಅದರಾಚೆ ಮುಂಡಿ ಮುಂಡಿ ಬಯಲು. ಅಲ್ಲಿ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ.

ಕೈಯಲ್ಲಿ ಇನ್ನೊಂದು ದಿನ ಇದ್ದರೆ ಮುತವಿಂಜಿಗೆ ಹೋಗಿ. ಸುಮಾರು 130 ಕಿಲೋಮೀಟರ್, ಕೊನೆಯ ಭಾಗ ಮಣ್ಣುದಾರಿ. ಕೆಂಪು ಬಂಡೆಯ ಕಮರಿಗಳು, ಬಂಡೆಯ ಮೇಲೆ ಕೈಯಿಟ್ಟು ಬಣ್ಣ ಊದಿ ಮೂಡಿಸಿದ ಅಂಗೈ ಗುರುತುಗಳು. ತಮ್ಮ ನೆಲಕ್ಕಾಗಿ ಇಲ್ಲಿನ ಮೂಲನಿವಾಸಿಗಳು 1983ರಲ್ಲಿ ದಾರಿಗೆ ಅಡ್ಡ ಕೂತರು. 1998ರಲ್ಲಿ ಸರ್ಕಾರ ಈ ರಾಷ್ಟ್ರೀಯ ಉದ್ಯಾನವನ್ನು ಅವರಿಗೆ ಮರಳಿಸಿತು. ನ್ಯೂ ಸೌತ್ ವೇಲ್ಸ್‌ನಲ್ಲಿ ಹಾಗಾದದ್ದು ಅದೇ ಮೊದಲು. ಚಿತ್ರಗಳಿರುವ ಮುಖ್ಯ ಜಾಗಕ್ಕೆ ಮಾರ್ಗದರ್ಶಿಯ ಜೊತೆಗೇ ಹೋಗಬೇಕು, ಮೊದಲೇ ವಿಚಾರಿಸಿಕೊಳ್ಳಿ.

ಡಾರ್ಲಿಂಗ್ ನದಿಯ ದಂಡೆಯ ಊರು ಮೆನಿಂಡಿಯನ್ನೂ ಬಿಡಬೇಡಿ, ಅಲ್ಲಿ ಮನಸ್ಸು ಭಾರವಾದರೂ. ಈ ನದಿಯನ್ನು ಇಲ್ಲಿನ ಮೂಲನಿವಾಸಿಗಳಾದ ಬಾರ್ಕಿಂಜಿ ಜನ ಬಾಕಾ ಎನ್ನುತ್ತಾರೆ. ಅವರ ಹೆಸರು ಹುಟ್ಟಿದ್ದೇ ಆ ನದಿಯಿಂದ. 2019ರ ಜನವರಿಯಲ್ಲಿ, ಮತ್ತೆ 2023ರ ಮಾರ್ಚ್‌ನಲ್ಲಿ, ನೀರಲ್ಲಿ ಆಮ್ಲಜನಕ ಇಳಿದು ಲಕ್ಷಗಟ್ಟಲೆ ಮೀನು ಸತ್ತು ತೇಲಿದ್ದು ಇದೇ ಹೊಳೆಯಲ್ಲಿ. ಬ್ರೋಕನ್ ಹಿಲ್‌ಗೆ 2019ರಿಂದ ನೀರು ಬರುವುದು 270 ಕಿಲೋಮೀಟರ್ ಪೈಪಿನಲ್ಲಿ, ಮರ್ರೆ ನದಿಯಿಂದ. ಕಾವೇರಿ ನೀರಿನ ಜಗಳ ಕೇಳುತ್ತ ಬೆಳೆದ ನಮಗೆ ಈ ಹೊಳೆದಂಡೆಯ ಜನರ ಸಂಕಟ ಅರ್ಥವಾಗದೆ ಇರದು.

ಇದರ ಬೆನ್ನಿಗೇ ಬರುವ ಪ್ರಶ್ನೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ. ಖಂಡಿತ ಹೋಗಿ. ಆದರೆ ಊರ ಮಣ್ಣಲ್ಲಿ ಸೀಸ ಇದೆ. ಆಡಿ ಬಂದ ಮೇಲೆ, ಊಟಕ್ಕೆ ಮುಂಚೆ ಕೈ ತೊಳೆಸಿ. ಊರಿನವರು ತಮ್ಮ ಮಕ್ಕಳಿಗೆ ಹೇಳುವುದೂ ಅದನ್ನೇ. ಕತ್ತಲಾದ ಮೇಲೆ ಕಾರು ಓಡಿಸಬೇಡಿ, ಕಾಂಗರೂಗಳು ಒಮ್ಮೆಲೇ ರಸ್ತೆಗೆ ಹಾರುತ್ತವೆ. ಮಳೆ ಬಂದರೆ ಮಣ್ಣುದಾರಿ ಮುಚ್ಚುತ್ತಾರೆ, ಹೊರಡುವ ಮುಂಚೆ ಕೇಳಿ. ಗಡಿಯಾರ ಅರ್ಧ ಗಂಟೆ ಹಿಂದಕ್ಕಿಡಿ. ಊರು ಸಿಡ್ನಿಯ ರಾಜ್ಯದ್ದಾದರೂ ನಡೆಯುವುದು ಅಡಿಲೇಡ್ ಸಮಯದಲ್ಲಿ. ಜೂನ್, ಜುಲೈನಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ವಿಪರೀತ ಚಳಿ. ಸ್ವೆಟರ್ ಜೊತೆಗೆ ಒಂದು ರಗ್ಗೂ ಇಟ್ಟುಕೊಳ್ಳಿ, ಊರ ದೀಪ ದಾಟಿ ಹೋಗಿ ನಕ್ಷತ್ರ ನೋಡುತ್ತ ಮಲಗುವುದಕ್ಕೆ ಬೇಕಾಗುತ್ತದೆ.